ನಾಯಿ ನಿಜವಾಗ್ಲೂ ಬಾಸ್ಕೆಟ್‌ಬಾಲ್ ಆಡುತ್ತಾ ಅಮ್ಮಾ?

ಅಂಗಳದ ಗುಬ್ಬಿ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಎಂಟು ವರ್ಷ. ಶನಿವಾರ ರಾತ್ರಿ ಇಬ್ಬರೂ ಕೂತು 'ಏರ್ ಬಡ್' ನೋಡಿದೆವು, 1997ರದ್ದು. ಅಪ್ಪನನ್ನು ಕಳೆದುಕೊಂಡು ಹೊಸ ಊರಿಗೆ ಬಂದ ಹುಡುಗ, ಕೆಟ್ಟ ಒಡೆಯನ ಕೈ ತಪ್ಪಿ ಬಂದ ನಾಯಿ, ಇಬ್ಬರ ನಡುವೆ ಒಂದು ಚೆಂಡು. ನಾಯಿ ಮೂತಿಯಿಂದ ತಳ್ಳಿದ ಚೆಂಡು ಬುಟ್ಟಿಗೆ ಬಿದ್ದಾಗಲೆಲ್ಲ ಮಗಳು ಸೋಫಾ ಮೇಲೆ ಎದ್ದು ನಿಂತು ಕುಣಿದಳು. ಮಲಗುವಾಗ ಕೇಳಿದಳು: "ಆ ನಾಯಿ ನಿಜವಾಗ್ಲೂ ಆಡುತ್ತಾ ಅಮ್ಮಾ?" ನನಗೆ ನಿದ್ದೆ ಎಳೀತಿತ್ತು. "ಸಿನಿಮಾ ಅಲ್ವಾ ಪುಟ್ಟಿ" ಅಂದು ದೀಪ ಆರಿಸಿಬಿಟ್ಟೆ.

ಮರುದಿನದಿಂದ ನಮ್ಮ ಕರಿಯನಿಗೆ ಪರೀಕ್ಷೆ ಶುರುವಾಯಿತು. ಇವಳು ಚೆಂಡು ಎಸೆಯೋದು, ಅವನು ತಲೆ ತಗ್ಗಿಸಿ ಕಣ್ಣು ಮುಚ್ಚೋದು. ಮೂರನೇ ಸಲಕ್ಕೆ ಮಂಚದ ಕೆಳಗೆ ಸೇರಿಕೊಂಡ. "ಕರಿಯನಿಗೆ ಬುದ್ಧಿನೇ ಇಲ್ಲ" ಅಂದಳು. ಆ ಮಾತು ನನಗೆ ಚುಚ್ಚಿತು. ಇವಳಿಗೆ ಜ್ವರ ಬಂದ ರಾತ್ರಿ ನನಗಿಂತ ಮೊದಲು ಎದ್ದು ಬಂದು ನನ್ನ ಕೈ ನೆಕ್ಕಿ ಎಬ್ಬಿಸಿದ ನಾಯಿ ಅವನು.

ಕೇಳಬೇಕಾದ್ದು ಇಷ್ಟು. ಇಂಥ ಸಿನಿಮಾಗಳಲ್ಲಿ ಪ್ರಾಣಿಗಳು ಹೇಗೆ ಅಷ್ಟೆಲ್ಲ ಮಾಡುತ್ತವೆ ಅನ್ನೋದನ್ನ ಮಕ್ಕಳಿಗೆ ಹೇಳಬೇಕಾ? ಹೇಳಿದರೆ ಅವರ ಖುಷಿ ಹಾಳಾಗುತ್ತಾ? ನಿಮ್ಮ ಮನೆಗಳಲ್ಲಿ ಏನು ಮಾಡಿದಿರಿ? ಜೊತೆಗೆ, ಮುಂದೆ ಯಾವ ಸಿನಿಮಾ ತೋರಿಸಲಿ?

ಹಳೆ ಪ್ರೊಜೆಕ್ಟರ್

ಹೇಳಿ ಮೇಡಂ, ಧಾರಾಳವಾಗಿ ಹೇಳಿ. ಈ ನಾಯಿಯ ವಿಷಯದಲ್ಲಂತೂ ನಿಜ ಸಂಗತಿ ಕಥೆಗಿಂತ ಒಂದು ಕೈ ಮೇಲಿದೆ.

ಆ ಗೋಲ್ಡನ್ ರಿಟ್ರೀವರ್ ಹೆಸರು ಬಡ್ಡಿ. ಅದೂ ಬೀದಿಪಾಲಾಗಿದ್ದ ನಾಯಿಯೇ. 1989ರಲ್ಲಿ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಕೆವಿನ್ ಡಿಚಿಕ್ಕೊ ಎಂಬುವರಿಗೆ ಸಿಕ್ಕಿತು. ಚೆಂಡು ಕಂಡರೆ ಅದಕ್ಕೆ ಪ್ರಾಣ ಅನ್ನೋದನ್ನ ಅವರು ಗಮನಿಸಿದರು. ಅದರತ್ತ ಚೆಂಡು ಎಸೆದರೆ ಹಿಡಿಯುವ ಬದಲು ಮೂತಿಯಿಂದ ಮೇಲಕ್ಕೆ ಚಿಮ್ಮಿಸೋದನ್ನ ಕಲಿಸಿದರು. ಹಾಗಾಗಿ ಬುಟ್ಟಿಗೆ ಚೆಂಡು ಹಾಕುವ ನಾಯಿ ಸುಳ್ಳಲ್ಲ. ಪಂದ್ಯದ ನಿಯಮ, ಎದುರಾಳಿ, ಗೆಲುವು ಇವೆಲ್ಲ ಅದಕ್ಕೆ ಗೊತ್ತಿರೋದು ಮಾತ್ರ ಸುಳ್ಳು. ಸಿನಿಮಾ ಬಂದ ಮರುವರ್ಷ, 1998ರಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡಿತು. ಅದಕ್ಕೂ ಮೊದಲೇ ಒಂದು ಹಿಂಗಾಲು ತೆಗೆಯಬೇಕಾಗಿ ಬಂದಿತ್ತು. ಈ ಕೊನೆಯ ಭಾಗವನ್ನು ಮಗಳಿಗೆ ಯಾವಾಗ ಹೇಳಬೇಕು ಅನ್ನೋದು ನಿಮಗೆ ಬಿಟ್ಟಿದ್ದು.

ನಾಲ್ಕು ಕಾಲು

ನಾನು ನಾಯಿಗಳಿಗೆ ತರಬೇತಿ ಕೊಡುವವನು. ಒಂದೆರಡು ಜಾಹೀರಾತು ಚಿತ್ರೀಕರಣಕ್ಕೂ ನಾಯಿ ಕರೆದುಕೊಂಡು ಹೋಗಿದ್ದೇನೆ. ಹೇಗೆ ಕಲಿಸುತ್ತಾರೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲ ದಿನ ಎಸೆಯೋ ಮಾತೇ ಇಲ್ಲ. ಚೆಂಡನ್ನ ನೆಲದ ಮೇಲೆ ಸುಮ್ಮನೆ ಇಡಿ. ನಾಯಿ ಬಂದು ಮೂಸುತ್ತದೆ. ಮೂಗು ತಾಕಿದ ಆ ಗಳಿಗೆಯಲ್ಲೇ 'ಟಿಕ್' ಅಂತ ಕ್ಲಿಕ್ಕರ್ (ಒತ್ತಿದರೆ ಸದ್ದು ಮಾಡುವ ಪುಟ್ಟ ಸಾಧನ) ಒತ್ತಿ, ಒಂದು ಚೂರು ತಿನಿಸು ಕೊಡಿ. ಕ್ಲಿಕ್ಕರ್ ಇಲ್ಲದಿದ್ದರೆ ಬಾಯಲ್ಲೇ "ಹ್ಞಾಂ" ಅಂದರೂ ಸಾಕು, ಪ್ರತಿ ಸಲ ಅದೇ ಸದ್ದು ಇರಬೇಕು ಅಷ್ಟೆ. ಹತ್ತು ಸಲ ಹೀಗಾದ ಮೇಲೆ ಬರೀ ತಾಕಿದ್ದಕ್ಕೆ ಕೊಡಬೇಡಿ, ಸ್ವಲ್ಪ ತಳ್ಳಿದರೆ ಕೊಡಿ. ನಾಯಿ ಒಂದು ಕ್ಷಣ ನಿಮ್ಮ ಮುಖ ನೋಡುತ್ತದೆ, 'ಈಗ ಯಾಕೆ ಕೊಡಲಿಲ್ಲ' ಅಂತ. ಆಮೇಲೆ ಇನ್ನೂ ಜೋರಾಗಿ ಮೂತಿ ಹಚ್ಚುತ್ತದೆ. ಆ ನೋಟ ನೋಡಲಿಕ್ಕೇ ನಾನು ಈ ಕೆಲಸದಲ್ಲಿದ್ದೇನೆ. ಆಮೇಲೆ ಚೆಂಡನ್ನ ಕೈಯಲ್ಲಿ ಎತ್ತರಿಸಿ ಹಿಡಿಯೋದು, ಆಮೇಲೆ ಅಂಗೈ ಅಗಲದ ದೂರದಿಂದ ಮೆಲ್ಲಗೆ ಬಿಡೋದು. ಬುಟ್ಟಿ ಬರೋದು ಎಲ್ಲಕ್ಕಿಂತ ಕೊನೆಗೆ. ಒಂದು ಹೊತ್ತಿಗೆ ಐದು ನಿಮಿಷ ಸಾಕು. ನಾಯಿಗೆ ಇನ್ನೂ ಆಸೆ ಇರುವಾಗಲೇ ನಿಲ್ಲಿಸಬೇಕು.

ಇನ್ನೊಂದು ಸಂಗತಿ. ಸಿನಿಮಾದಲ್ಲಿ ನಾಯಿ ಹುಡುಗನನ್ನೇ ಪ್ರೀತಿಯಿಂದ ನೋಡುತ್ತಿರುವ ಹಾಗೆ ಕಾಣುತ್ತದಲ್ಲ, ಬಹಳ ಸಲ ಅದು ಕ್ಯಾಮೆರಾ ಪಕ್ಕದಲ್ಲಿ ನಿಂತ ತರಬೇತುದಾರನ ಕೈಯನ್ನು ನೋಡುತ್ತಿರುತ್ತದೆ. ಮಗಳ ಜೊತೆ ಮತ್ತೊಮ್ಮೆ ನೋಡುವಾಗ ನಾಯಿಯ ಕಣ್ಣಿನ ದಿಕ್ಕು ಗಮನಿಸಿ. ಮಕ್ಕಳು ಇದನ್ನ ನಮಗಿಂತ ಬೇಗ ಹಿಡಿಯುತ್ತಾರೆ.

ನನಗೆ ಎಲ್ಲಕ್ಕಿಂತ ದೊಡ್ಡ ಪಾಠ 1943ರ 'ಲ್ಯಾಸ್ಸಿ ಕಮ್ ಹೋಮ್'. ಕಥೆಯಲ್ಲಿ ಲ್ಯಾಸ್ಸಿ ಹೆಣ್ಣು ನಾಯಿ, ಪಾತ್ರ ಮಾಡಿದ್ದು ಕಾಲಿ ಎಂಬ ತಳಿಯ ಪಾಲ್ ಅನ್ನೋ ಗಂಡು ನಾಯಿ. ಹೊಳೆ ಈಜಿ ಬಂದು ದಡದಲ್ಲಿ ಸುಸ್ತಾಗಿ ಕುಸಿಯುವ ದೃಶ್ಯ ಇದೆ. ಒದ್ದೆಯಾದ ನಾಯಿ ನೀರಿನಿಂದ ಹೊರಗೆ ಬಂದ ತಕ್ಷಣ ಮೈ ಕೊಡವುತ್ತದೆ, ಅದು ಹುಟ್ಟಿನಿಂದ ಬಂದದ್ದು. ಆದರೆ ಸಾಯುವಷ್ಟು ಸುಸ್ತಾದ ನಾಯಿ ಮೈ ಕೊಡವಿದರೆ ಯಾರು ನಂಬುತ್ತಾರೆ? ತರಬೇತುದಾರ ರಡ್ ವೆದರ್‌ವ್ಯಾಕ್ಸ್ ಆ ಕೊಡವುವಿಕೆಯನ್ನೇ ತಡೆದರು. ಪಾಲ್ ಮೈತುಂಬ ನೀರು ಹೊತ್ತುಕೊಂಡೇ ತೆವಳಿ ಬಂದು ಮಲಗಿತು. ಪ್ರತಿಭೆ ಅಂದರೆ ಅದು ಕಣ್ರೀ.

ರಾತ್ರಿಪಾಳಿ

ಎಲ್ಲರಿಗೂ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ನನಗೆ ಇದು ಒಪ್ಪಿಗೆ ಇಲ್ಲ. ಎಂಟು ವರ್ಷದ ಮಗುವಿಗೆ ಕ್ಲಿಕ್ಕರ್, ಕ್ಯಾಮೆರಾ ಪಕ್ಕದ ಕೈ ಇವೆಲ್ಲ ಯಾಕೆ? ನಾನು ಚಿಕ್ಕವನಿದ್ದಾಗ ತೆರೆ ಮೇಲಿನ ನಾಯಿ ಆ ಹುಡುಗನಿಗಾಗಿಯೇ ಓಡಿ ಬರುತ್ತದೆ ಅಂತ ನಂಬಿದ್ದೆ. ಆ ನಂಬಿಕೆ ನನಗೆ ತುಂಬ ಒಂಟಿಯಾಗಿದ್ದ ಒಂದು ವರ್ಷವನ್ನು ದಾಟಿಸಿತು. ಅದು ತರಬೇತುದಾರನ ಕೈಯಲ್ಲಿದ್ದ ತಿನಿಸಿಗಾಗಿ ಓಡಿ ಬಂದದ್ದು ಅಂತ ಆಗ ಯಾರಾದರೂ ಹೇಳಿದ್ದರೆ ನಾನು ಸಹಿಸುತ್ತಿರಲಿಲ್ಲ.

ಚಾಕ್‌ಪೀಸ್

ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ರಾತ್ರಿಪಾಳಿ ಅವರೇ, ನಿಮ್ಮ ಮಾತು ನನಗೆ ಅರ್ಥವಾಗುತ್ತದೆ. ಆದರೆ ಮಕ್ಕಳು ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಬಲ್ಲರು. ಪುಣ್ಯಕೋಟಿಯ ಹಾಡು ಹೇಳಿಕೊಡುವಾಗ ಹಸು ಮಾತಾಡುತ್ತದಾ ಅಂತ ಯಾವ ಮಗುವೂ ತಗಾದೆ ತೆಗೆದದ್ದಿಲ್ಲ. ಆದರೆ ಅದೇ ಮಗು ಹಾಡು ಮುಗಿದ ಮೇಲೆ "ಹುಲಿ ಹುಲ್ಲು ತಿಂದಿದ್ರೆ ಬದುಕ್ತಿತ್ತಾ ಟೀಚರ್" ಅಂತ ಕೇಳುತ್ತದೆ. ಅದು ಅನುಮಾನದ ಪ್ರಶ್ನೆ ಅಲ್ಲ, ಹುಲಿಯ ಮೇಲಿನ ಕನಿಕರದ ಪ್ರಶ್ನೆ. ಗುಬ್ಬಿಯವರ ಮಗಳು ಕೇಳಿದ್ದೂ ಆ ಜಾತಿಯ ಪ್ರಶ್ನೆಯೇ. ಕೇಳಿದ ಮಗುವಿಗೆ ಉತ್ತರ ಕೊಡಬೇಕು. ಕೇಳದ ಮಗುವಿಗೆ ನಾವಾಗಿ ಹೋಗಿ ಹೇಳಬೇಕಿಲ್ಲ.

ನನ್ನ ಸಲಹೆ 1979ರ 'ದಿ ಬ್ಲ್ಯಾಕ್ ಸ್ಟ್ಯಾಲಿಯನ್'. ಹಡಗು ಮುಳುಗಿ ಒಬ್ಬ ಹುಡುಗ, ಒಂದು ಕಪ್ಪು ಕುದುರೆ ನಿರ್ಜನ ದ್ವೀಪ ಸೇರುತ್ತಾರೆ. ಅಲ್ಲಿಂದ ಎಷ್ಟೋ ಹೊತ್ತು ಮಾತೇ ಇಲ್ಲ. ಹುಡುಗ ಕಡಲಪಾಚಿ ಇಟ್ಟುಕೊಂಡು ನಿಲ್ಲುತ್ತಾನೆ. ಕುದುರೆ ಹತ್ತಿರ ಬರುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಬರುತ್ತದೆ. ಅವನು ಕೈ ಚಾಚುವುದಿಲ್ಲ, ಕಾಯುತ್ತಾನೆ. ತರಗತಿಯಲ್ಲಿ ತೋರಿಸಿದಾಗ ಸದಾ ಗಲಾಟೆ ಮಾಡುವ ಮಕ್ಕಳೂ ಉಸಿರು ಬಿಗಿ ಹಿಡಿದು ಕೂತಿದ್ದರು. ಆ ಪಾತ್ರ ಮಾಡಿದ ಕೆಲ್ಲಿ ರೆನೊ ಕುದುರೆಗಳ ಜೊತೆಯಲ್ಲೇ ಬೆಳೆದ ಹುಡುಗ. ಸವಾರಿ ಅವನಿಗೆ ಸಿನಿಮಾಕ್ಕಾಗಿ ಬಂದ ವಿದ್ಯೆಯಲ್ಲ, ಅದು ನೋಡಿದರೇ ಗೊತ್ತಾಗುತ್ತದೆ.

ಹಸಿರು ಕೋಟು

ಪಶುವೈದ್ಯೆ ನಾನು. ಸಿನಿಮಾ ನೋಡಿದ ಮಕ್ಕಳ ಮನೆಗಳಿಂದ ನನ್ನ ಹತ್ತಿರ ಬರುವವರು ಎರಡು ಥರ.

ಒಂದು, ನಾಯಿಯನ್ನು ಅಪ್ಪಿಕೊಳ್ಳಲು ಹೋಗಿ ಕಚ್ಚಿಸಿಕೊಂಡವರು. ಸಿನಿಮಾದಲ್ಲಿ ಹುಡುಗ ನಾಯಿಯ ಕುತ್ತಿಗೆಗೆ ಜೋತುಬಿದ್ದು ಅಳುತ್ತಾನೆ, ನಾಯಿ ಸುಮ್ಮನೆ ನಿಲ್ಲುತ್ತದೆ. ಹಾಗೆ ನಿಲ್ಲಲು ಆ ನಾಯಿಗೆ ಕಲಿಸಿರುತ್ತಾರೆ. ಬಹಳಷ್ಟು ನಾಯಿಗಳಿಗೆ ಬಿಗಿಯಾಗಿ ತಬ್ಬಿಕೊಂಡರೆ ಇಷ್ಟವಾಗುವುದಿಲ್ಲ. ಕಚ್ಚುವ ಮೊದಲು ಅವು ಎಷ್ಟೋ ಸಲ ಹೇಳಿರುತ್ತವೆ. ನಿದ್ದೆ ಬಾರದಿದ್ದರೂ ಆಕಳಿಸುವುದು, ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುವುದು, ಮುಖ ಆ ಕಡೆ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ನೋಡುವುದು. ಬಾಲ ಅಲ್ಲಾಡಿಸಿದ ಮಾತ್ರಕ್ಕೆ ಖುಷಿ ಅಂತಲೂ ಅಲ್ಲ. ಗುಬ್ಬಿಯವರೇ, ಕರಿಯ ತಲೆ ತಗ್ಗಿಸಿ ಮಂಚದ ಕೆಳಗೆ ಹೋದನಲ್ಲ, ಅವನು ತುಂಬ ಮರ್ಯಾದೆಯಿಂದ 'ಬೇಡ' ಅಂದಿದ್ದಾನೆ. ಅದು ಬುದ್ಧಿ ಇಲ್ಲದ ನಾಯಿಯ ಲಕ್ಷಣ ಅಲ್ಲ.

ಎರಡನೆಯವರು, ಸಿನಿಮಾದಲ್ಲಿ ಕಂಡ ತಳಿಯೇ ಬೇಕು ಅಂತ ತಂದು ಆರು ತಿಂಗಳಿಗೆ ಸಾಕಾದವರು. ಇದು ಇವತ್ತಿನ ಕಾಯಿಲೆ ಅಲ್ಲ. ಅಮೆರಿಕದ ತಳಿ ನೋಂದಣಿ ಲೆಕ್ಕಗಳನ್ನು ಇಟ್ಟುಕೊಂಡು 2014ರಲ್ಲಿ ಒಂದು ಅಧ್ಯಯನ ಬಂತು. ಲ್ಯಾಸ್ಸಿಯ ಮೊದಲ ಚಿತ್ರ ಬಂದ ನಂತರದ ಎರಡು ವರ್ಷಗಳಲ್ಲಿ ಕಾಲಿ ನಾಯಿಗಳ ನೋಂದಣಿ ಶೇ 40ರಷ್ಟು ಏರಿತ್ತು. 1959ರ 'ದಿ ಶ್ಯಾಗಿ ಡಾಗ್' ನಂತರ ಓಲ್ಡ್ ಇಂಗ್ಲಿಷ್ ಶೀಪ್‌ಡಾಗ್ ನೋಂದಣಿ ನೂರು ಪಟ್ಟು. ಒಂದು ಜನಪ್ರಿಯ ಚಿತ್ರದ ಪ್ರಭಾವ ಹತ್ತು ವರ್ಷದವರೆಗೂ ಉಳಿಯಬಲ್ಲದು. ಮೈತುಂಬ ಕೂದಲಿನ ಆ ನಾಯಿಯನ್ನು ದಿನವೂ ಬಾಚುವವರು ಯಾರು ಅಂತ ಸಿನಿಮಾ ತೋರಿಸುವುದಿಲ್ಲ. ಮನೆಗೆ ತಂದ ಮೇಲೆ ಅದು ಗೊತ್ತಾಗುತ್ತದೆ.

ಅದಕ್ಕೇ ನಾನು ಹೇಳುವುದು, ಸಿನಿಮಾ ತೋರಿಸಿ, ನಿಜವನ್ನೂ ಹೇಳಿ.

ಹಳೆ ಪ್ರೊಜೆಕ್ಟರ್

ಡಾಕ್ಟರೇ, ನಿಮ್ಮ ಮಾತಿಗೆ ಸೇರಿಸಬೇಕಾದ್ದು ಒಂದಿದೆ. ಇದನ್ನು ಬರೆಯದಿದ್ದರೆ ಇವತ್ತು ನನಗೆ ನಿದ್ದೆ ಬರುವುದಿಲ್ಲ.

1993ರ 'ಫ್ರೀ ವಿಲ್ಲಿ' ನೆನಪಿದೆಯಾ? ತಾಯಿ ಬಿಟ್ಟುಹೋದ ಹುಡುಗ, ಕೊಳದಲ್ಲಿ ಸೆರೆಯಾದ ಓರ್ಕಾ ತಿಮಿಂಗಿಲ, ಹುಡುಗನ ಮೌತ್ ಆರ್ಗನ್ ಸದ್ದಿಗೆ ಅದು ಬರುವುದು, ಕೊನೆಗೆ ಅವನ ತಲೆಯ ಮೇಲಿಂದ ಹಾರಿ ಕಡಲಿಗೆ ಬೀಳುವುದು. ಆ ಹಾರಾಟ ಯಂತ್ರದ ಬೊಂಬೆ ಮತ್ತು ಕಂಪ್ಯೂಟರಿನ ಕೈಚಳಕ. ಆದರೆ ವಿಲ್ಲಿಯ ಪಾತ್ರ ಮಾಡಿದ ಕೀಕೊ ನಿಜವಾದ ಪ್ರಾಣಿ. 1979ರಲ್ಲಿ ಐಸ್‌ಲ್ಯಾಂಡ್ ಸಮುದ್ರದಲ್ಲಿ ಹಿಡಿದಾಗ ಅದಕ್ಕೆ ಸುಮಾರು ಎರಡು ವರ್ಷ. ಅಲ್ಲಿ ಇಲ್ಲಿ ತಿರುಗಿ ಮೆಕ್ಸಿಕೊ ನಗರದ ಒಂದು ಮನರಂಜನಾ ಉದ್ಯಾನ ಸೇರಿತು. ತೆರೆಯ ಮೇಲೆ ವಿಲ್ಲಿಗೆ ಬಿಡುಗಡೆ ಸಿಕ್ಕಿತು. ಚಿತ್ರೀಕರಣ ಮುಗಿದ ಮೇಲೆ ಕೀಕೊ ಅದೇ ಇಕ್ಕಟ್ಟಿನ ಕೊಳದಲ್ಲೇ ಉಳಿಯಿತು. ಚರ್ಮದ ಮೇಲೆ ಗಂಟುಗಳು, ತೂಕ ಇಲ್ಲ.

ಇದು ಗೊತ್ತಾದಾಗ ಸುಮ್ಮನಿರದೆ ಇದ್ದವರು ಮಕ್ಕಳು. ಪತ್ರ ಬರೆದರು, ಹಣ ಕೂಡಿಸಿದರು. 1996ರ ಜನವರಿಯಲ್ಲಿ ಅದನ್ನು ವಿಮಾನದಲ್ಲಿ ಅಮೆರಿಕದ ಆರೆಗಾನ್ ಕರಾವಳಿಯ ಹೊಸ ಕೊಳಕ್ಕೆ ತಂದರು. ಅಲ್ಲಿ ಮೈ ತುಂಬಿಕೊಂಡಿತು, ಚರ್ಮ ಸುಧಾರಿಸಿತು. 1998ರಲ್ಲಿ ಹುಟ್ಟಿದ ಕಡಲಿಗೇ, ಐಸ್‌ಲ್ಯಾಂಡಿಗೆ ಒಯ್ದರು. 2002ರ ಬೇಸಿಗೆಯಲ್ಲಿ ಕಾಡು ಓರ್ಕಾಗಳ ಹಿಂದೆ ಹೊರಟದ್ದು ಸಾಗರ ದಾಟಿ ನಾರ್ವೆ ಮುಟ್ಟಿತು. ಅಲ್ಲಿ ಮಾಡಿದ್ದೇನು ಗೊತ್ತೇ? ಮನುಷ್ಯರನ್ನು ಹುಡುಕಿಕೊಂಡು ದಡಕ್ಕೆ ಬಂತು. ಮಕ್ಕಳು ನೀರಿಗಿಳಿದು ಬೆನ್ನು ಸವರಿದರು. 2003ರ ಡಿಸೆಂಬರಿನಲ್ಲಿ ನಾರ್ವೆಯ ಒಂದು ಕೊಲ್ಲಿಯಲ್ಲಿ ನ್ಯುಮೋನಿಯಾದಿಂದ ಸತ್ತಿತು. ತನ್ನವರ ಜೊತೆ ಪೂರ್ತಿಯಾಗಿ ಬೆರೆಯಲು ಅದಕ್ಕೆ ಕಡೆಯವರೆಗೂ ಆಗಲಿಲ್ಲ.

ಬಿಟ್ಟದ್ದು ಸರಿಯೋ ತಪ್ಪೋ ಅಂತ ತಿಳಿದವರು ಇವತ್ತಿಗೂ ವಾದ ಮಾಡುತ್ತಾರೆ. ಕೊನೆಯ ಐದು ವರ್ಷ ಕಡಲಿನ ನೀರು ಸಿಕ್ಕಿತಲ್ಲ, ನನಗೆ ಅದು ದೊಡ್ಡದು. ರಾತ್ರಿಪಾಳಿ ಅವರೇ, ಆ ಮಕ್ಕಳಿಗೆ ನಿಜ ಹೇಳದೆ ಇದ್ದಿದ್ದರೆ ಕೀಕೊ ಆ ಕೊಳದಲ್ಲೇ ಸಾಯುತ್ತಿತ್ತು.

ರಾತ್ರಿಪಾಳಿ

ಪ್ರೊಜೆಕ್ಟರ್ ಅವರೇ, ಎರಡು ಸಲ ಓದಿದೆ. ಮಕ್ಕಳ ಪತ್ರದ ವಿಷಯ ನನಗೆ ಗೊತ್ತಿರಲಿಲ್ಲ. ನನ್ನ ಮಾತನ್ನು ಅರ್ಧ ಹಿಂದೆ ತೆಗೆದುಕೊಳ್ಳುತ್ತೇನೆ.

ಆದರೆ ಈಗ ಬೇರೆ ಪ್ರಶ್ನೆ. ಇಷ್ಟು ಗೊತ್ತಾದ ಮೇಲೆ ನಿಜ ಪ್ರಾಣಿ ಯಾಕೆ ಬೇಕು? ಕಂಪ್ಯೂಟರಿನಲ್ಲೇ ಮಾಡಿದರಾಯಿತಲ್ಲ?

ನಾಲ್ಕು ಕಾಲು

ಕಾಡುಪ್ರಾಣಿಗಳಿಗೆ ಖಂಡಿತ ಹಾಗೇ ಆಗಬೇಕು. ಹುಲಿ, ಕರಡಿ, ಕೋತಿ, ತಿಮಿಂಗಿಲ, ಆನೆ ಯಾವುದೂ ಬೇಡ. 2016ರ 'ದಿ ಜಂಗಲ್ ಬುಕ್'ನಲ್ಲಿ ಮೌಗ್ಲಿ ಹುಡುಗನೊಬ್ಬನೇ ನಿಜ, ಪ್ರಾಣಿಗಳೆಲ್ಲ ಕಂಪ್ಯೂಟರಿನವು. ದೃಶ್ಯ ಪರಿಣಾಮಗಳಿಗೆ ಆಸ್ಕರ್ ಬಂತು. ಯಾರಿಗೂ ಕೊರತೆ ಅನ್ನಿಸಲಿಲ್ಲ.

ನಾಯಿ, ಕುದುರೆ, ಹಂದಿಗಳ ಲೆಕ್ಕ ಬೇರೆ. ಸಾವಿರಾರು ವರ್ಷಗಳಿಂದ ನಮ್ಮ ಜೊತೆ ಬದುಕಿ, ನಮ್ಮನ್ನು ಓದಲು ಕಲಿತವು ಅವು. ನೂರು ವರ್ಷದ ಹಿಂದೆ ಬರ್ಲಿನ್‌ನಲ್ಲಿ ಹಾನ್ಸ್ ಅಂತ ಒಂದು ಕುದುರೆ ಇತ್ತು. ಕೂಡುವ ಕಳೆಯುವ ಲೆಕ್ಕ ಕೇಳಿದರೆ ಗೊರಸು ಕುಟ್ಟಿ ಉತ್ತರ ಹೇಳುತ್ತಿತ್ತು. ಒಡೆಯ ಮೋಸ ಮಾಡುತ್ತಿರಲಿಲ್ಲ, ಅವನೂ ನಂಬಿದ್ದ. ಆಸ್ಕರ್ ಫುಂಗ್ಸ್ಟ್ ಎಂಬ ಮನಶ್ಶಾಸ್ತ್ರಜ್ಞ ಪರೀಕ್ಷೆ ಮಾಡಿ 1907ರಲ್ಲಿ ಗುಟ್ಟು ಬಿಡಿಸಿದರು. ಪ್ರಶ್ನೆ ಕೇಳಿದವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಬರುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಕೇಳಿದವನ ತಲೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಅದನ್ನು ನೋಡಿ ನಿಲ್ಲಿಸುತ್ತಿತ್ತು. ಜನ 'ಓ, ಲೆಕ್ಕ ಬರಲ್ಲ' ಅಂತ ಕೈ ತೊಳೆದುಕೊಂಡರು. ಅಲ್ಲಿದ್ದ ಅಷ್ಟೂ ಜನರಿಗೆ ಕಾಣದ್ದು ಆ ಕುದುರೆಗೆ ಕಂಡಿತ್ತಲ್ಲ!

ಚಾಕ್‌ಪೀಸ್

1995ರ 'ಬೇಬ್' ಎರಡನ್ನೂ ಸೇರಿಸಿಕೊಂಡ ಚಿತ್ರ. ಕುರಿ ಕಾಯುವ ಹಂದಿಮರಿಯ ಕಥೆ. ಮರಿಗಳು ಬೇಗ ಬೆಳೆದುಬಿಡುತ್ತವೆ ಅಂತ ಒಂದೇ ಪಾತ್ರಕ್ಕೆ 48 ಮರಿಗಳನ್ನು ಬಳಸಿದ್ದರು. ಬಾಯಿ ಮಾತಾಡುವಂತೆ ಮಾಡಿದ್ದು ಯಂತ್ರದ ಬೊಂಬೆ ಮತ್ತು ಕಂಪ್ಯೂಟರ್. ನನಗೆ ಇಷ್ಟವಾಗುವುದು ಬೇಬ್ ಕುರಿಗಳನ್ನು ಗದರಿಸದೆ, ವಿನಯದಿಂದ ಕೇಳಿಕೊಳ್ಳುವುದು. ಮಗಳಿಗೆ ಇದನ್ನೂ ತೋರಿಸಿ, ಗುಬ್ಬಿ.

ಪುಟ ತಿರುವಿ

ನಡುವೆ ಬಾಯಿ ಹಾಕುತ್ತಿದ್ದೇನೆ. ಕೊನೆಗೆ ಪ್ರಾಣಿ ಸಾಯುವ ಚಿತ್ರಗಳನ್ನು ಏನು ಮಾಡುತ್ತೀರಿ? 2022ರ '777 ಚಾರ್ಲಿ'ಗೆ ಮಗನನ್ನು ಕರೆದುಕೊಂಡು ಹೋಗಿದ್ದೆ. ಚಾರ್ಲಿ ಹೋದಾಗ ಅವನು ಅತ್ತದ್ದು ನೋಡಿ ತಪ್ಪು ಮಾಡಿದೆನಾ ಅನ್ನಿಸಿತು. ಹಿಮದಲ್ಲಿ ಮರಿ ಸಿಕ್ಕಿದ ಮೇಲೂ ಸಮಾಧಾನ ಆಗಲಿಲ್ಲ ಅವನಿಗೆ.

ಹಸಿರು ಕೋಟು

ತಪ್ಪು ಮಾಡಿಲ್ಲ. ಸಾಕಿದ ಪ್ರಾಣಿ ಒಂದಲ್ಲ ಒಂದು ದಿನ ಹೋಗುತ್ತದೆ, ಬಹಳ ಮಕ್ಕಳು ಮೊದಲು ನೋಡುವ ಸಾವೇ ಅದು. ನಾಯಿ ಸತ್ತ ದಿನ ನನ್ನ ಕೊಠಡಿಯ ಹೊರಗೆ ಮಗುವನ್ನು ಕೂರಿಸಿ "ಮಲಗಿದೆ, ಎದ್ದು ಬರುತ್ತೆ" ಅನ್ನುವ ಅಪ್ಪ ಅಮ್ಮಂದಿರನ್ನು ನೋಡಿದ್ದೇನೆ. ಆ ಮಗು ತಿಂಗಳುಗಟ್ಟಲೆ ಕಾಯುತ್ತದೆ. ನಿಮ್ಮ ಮಗ ನಿಮ್ಮ ಪಕ್ಕದಲ್ಲಿ ಕೂತು ಅತ್ತನಲ್ಲ, ಅದಕ್ಕಿಂತ ಒಳ್ಳೆಯ ಜಾಗ ಯಾವುದಿದೆ ಅಳಲಿಕ್ಕೆ? ಮೊದಲೇ "ಕೊನೆಗೆ ನಾಯಿ ಉಳಿಯಲ್ಲ" ಅಂತ ಹೇಳಿ ಕರೆದೊಯ್ದರೆ ಇನ್ನೂ ಒಳ್ಳೆಯದು.

ಹಳೆ ಪ್ರೊಜೆಕ್ಟರ್

ಗುಬ್ಬಿಯವರೇ, ಒಂದೇ ಒಂದು ಚಿತ್ರ ಆರಿಸಿ ಅಂದರೆ ನಾನು 1996ರ 'ಫ್ಲೈ ಅವೇ ಹೋಮ್' ಅನ್ನುತ್ತೇನೆ. 'ಬ್ಲ್ಯಾಕ್ ಸ್ಟ್ಯಾಲಿಯನ್' ಮಾಡಿದ ಕ್ಯಾರಲ್ ಬ್ಯಾಲರ್ಡ್ ಅವರದ್ದೇ. ತಾಯಿ ಇಲ್ಲದ ಮೊಟ್ಟೆಗಳನ್ನು ಹುಡುಗಿ ಕಾವು ಕೊಟ್ಟು ಮರಿ ಮಾಡುತ್ತಾಳೆ. ಕಣ್ಣುಬಿಟ್ಟ ಹೆಬ್ಬಾತು ಮರಿ ಮೊದಲು ಕಂಡವರನ್ನೇ ತಾಯಿ ಅಂದುಕೊಂಡು ಹಿಂಬಾಲಿಸುತ್ತದೆ. ಕೊನ್ರಾಡ್ ಲೊರೆಂಟ್ಸ್ ಇದನ್ನು ವಿವರವಾಗಿ ಅಧ್ಯಯನ ಮಾಡಿ ತೋರಿಸಿದವರು, 1973ರ ನೊಬೆಲ್ ಹಂಚಿಕೊಂಡವರಲ್ಲೊಬ್ಬರು. ತೆಂಕಣಕ್ಕೆ ವಲಸೆ ಹೋಗುವ ದಾರಿ ಮಾತ್ರ ಅವು ಹಿರಿಯರಿಂದ ಕಲಿಯಬೇಕು. ಹಿರಿಯರಿಲ್ಲ. ಹಾಗಾಗಿ ಹುಡುಗಿ ಪುಟ್ಟ ವಿಮಾನ ಹಾರಿಸಲು ಕಲಿಯುತ್ತಾಳೆ.

ಇದರ ಬೇರು ನಿಜ ಘಟನೆ. ಕೆನಡಾದ ಬಿಲ್ ಲಿಶ್‌ಮನ್ 1993ರಲ್ಲಿ ಹಗುರ ವಿಮಾನದ ಹಿಂದೆ ಹೆಬ್ಬಾತುಗಳನ್ನು ಒಂಟಾರಿಯೊದಿಂದ ವರ್ಜೀನಿಯಾದವರೆಗೆ ಕರೆದೊಯ್ದರು. 2001ರಿಂದ ಅಳಿವಿನ ಅಂಚಿನ ವೂಪಿಂಗ್ ಕೊಕ್ಕರೆಗಳಿಗೂ ಇದೇ ದಾರಿ ಹಿಡಿದರು. ಮನುಷ್ಯರಿಗೆ ಅಂಟಿಕೊಳ್ಳಬಾರದೆಂದು ಸಾಕುವವರು ಬಿಳಿ ನಿಲುವಂಗಿ ತೊಟ್ಟು, ತುಟಿ ಬಿಚ್ಚದೆ ಕೆಲಸ ಮಾಡುತ್ತಿದ್ದರು. ಹಕ್ಕಿಗಳು ದಾರಿ ಕಲಿತವು. ಆದರೆ ದೊಡ್ಡವಾದ ಮೇಲೆ ತಮ್ಮ ಮರಿಗಳನ್ನು ಬೆಳೆಸುವುದರಲ್ಲಿ ಹಿಂದೆ ಬಿದ್ದವು. 2016ರಲ್ಲಿ ಆ ಹಾರಾಟಗಳನ್ನು ನಿಲ್ಲಿಸಿದರು.

ಅಂಗಳದ ಗುಬ್ಬಿ

ಮೂರು ವಾರವಾಯಿತು. ಎಲ್ಲರ ಮಾತೂ ಓದುತ್ತಿದ್ದೆ, ಬರೆಯಲು ಆಗಿರಲಿಲ್ಲ, ಕ್ಷಮಿಸಿ.

ಮಗಳಿಗೆ ಬಡ್ಡಿಯ ಕಥೆ ಹೇಳಿದೆ. ಕಾಲು ತೆಗೆದದ್ದನ್ನೂ ಹೇಳಿದೆ, ಅವಳೇ "ಈಗ ಎಲ್ಲಿದೆ ಅದು" ಅಂತ ಕೇಳಿದ್ದರಿಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಿಜವಾಗ್ಲೂ ಹಾಕ್ತಿತ್ತು ಚೆಂಡು" ಅಂದಳು. ಅವಳಿಗೆ ಬೇಕಿದ್ದದ್ದು ಅದೇ ಆಗಿತ್ತು. ಸಿನಿಮಾ ಮತ್ತೆ ಹಾಕಿಸಿಕೊಂಡು ನಾಯಿಯ ಕಣ್ಣು ಎಲ್ಲಿದೆ ಅಂತ ಹುಡುಕಿದಳು. ನನಗೆ ಒಂದು ಸಿಕ್ಕಿದರೆ ಅವಳಿಗೆ ನಾಲ್ಕು ಸಿಕ್ಕವು.

ಆಮೇಲೆ ನಾಲ್ಕು ಕಾಲು ಅವರು ಬರೆದ ಹಾಗೆ ಚೆಂಡು ನೆಲದ ಮೇಲಿಟ್ಟೆವು. ಮೊದಲೆರಡು ದಿನ ಕರಿಯ ಹತ್ತಿರ ಬರಲೇ ಇಲ್ಲ. ಹೊಡೆತದ ನೆನಪು ಇರಬೇಕು. ಮಗಳು ಚೆಂಡಿನ ಪಕ್ಕ ಹೊಟ್ಟೆ ಹಚ್ಚಿ ಮಲಗಿ, ಕೈ ಚಾಚದೆ ಕಾದಳು. ಮೂರನೇ ದಿನ ಮೂಗು ತಾಕಿಸಿದ. ಇವಳ "ಹ್ಞಾಂ" ಎಷ್ಟು ಜೋರಿತ್ತೆಂದರೆ ಅವನು ಹೆದರಿ ಓಡಿಹೋದ, ಮತ್ತೆ ಬಂದ. ಈಗ ಮೂತಿಯಿಂದ ತಳ್ಳಿಕೊಂಡು ಅಡುಗೆಮನೆ ಬಾಗಿಲವರೆಗೂ ತರುತ್ತಾನೆ.

ನಿನ್ನೆ ನಾನು "ಇನ್ನೊಂದು ಸಲ ಮಾಡಿಸು, ವಿಡಿಯೊ ತೆಗೀತೀನಿ" ಅಂದೆ. ಅವಳು ಕರಿಯನ ಮುಖ ನೋಡಿದಳು. "ಬೇಡಮ್ಮ, ಆಕಳಿಸ್ತಿದಾನೆ" ಅಂದು ಚೆಂಡು ಎತ್ತಿ ಕಪಾಟಿಗಿಟ್ಟಳು.

ಈ ಶನಿವಾರ ಹೆಬ್ಬಾತುಗಳ ಸಿನಿಮಾ ನೋಡೋಣ ಅಂತಿದೀವಿ. ಏನಾದರೂ ಮೊದಲೇ ಹೇಳಿಡಬೇಕಾ ಅವಳಿಗೆ?

ರಾತ್ರಿಪಾಳಿ

ಹೇಳಿಡಿ. ಶುರುವಿನಲ್ಲೇ ಒಂದು ಕಾರು ಅಪಘಾತ ಇದೆ, ಹುಡುಗಿಯ ತಾಯಿ ತೀರಿಕೊಳ್ಳುತ್ತಾಳೆ. ಮಾತಿಲ್ಲ, ಹಾಡಿನ ಜೊತೆ ಬರುತ್ತದೆ. ಆ ಹೊತ್ತಿಗೆ ನೀವು ಎದ್ದು ಹೋಗಬೇಡಿ, ಪಕ್ಕದಲ್ಲೇ ಇರಿ. ಕರಿಯನೂ ಇರಲಿ.